ಮುತ್ತಿಗೆ ಮತ್ತು ನಿರ್ವಾಣ: ಒಬ್ಬ ತಾಯಿಯ ಎರಡು ಗ್ರಂಥಗಳು

ಪುರಾಣ, ಶ್ರಾವಕಾಚಾರ, ಶಾಸನಗಳನ್ನು ಕುರಿತ ಕೃತಿಗಳ ವಿಮರ್ಶೆಯನ್ನು ಓದಿ ರೂಢಿಯಾದ ವಾಚಕರು, ಈ ಸಲ ಅಮೆರಿಕದ ಒಬ್ಬ ತಾಯಿ ತನ್ನ ಮಗಳನ್ನು ಕುರಿತು ಬರೆದ ಎರಡು ಇಂಗ್ಲಿಷ್ ಗ್ರಂಥಗಳ ವಿಚಾರವನ್ನು ಇಲ್ಲಿ ಕಂಡು ಆಶ್ಚರ್ಯಪಟ್ಟರೆ ಅದು ಸಹಜವೇ. ಆದರೆ ಇವುಗಳಲ್ಲಿ ಒಂದರ ಹೆಸರಿನಲ್ಲಿಯೇ ನಮಗೆ ಪರಮಪವಿತ್ರವಾದ ಶಬ್ದವೊಂದಿದೆ. ಎರಡರ ಒಡಲಿನಲ್ಲಿಯೂ ನಮ್ಮ ಸಮಾಜ ಉತ್ತರಿಸಬೇಕಾದ ಪ್ರಶ್ನೆಯೊಂದಿದೆ. ಆದುದರಿಂದ ಇವು ನಮಗೆ ಹೊರಗಿನ ಗ್ರಂಥಗಳಲ್ಲವೆಂದು ನನ್ನ ಭಾವನೆ.

ಮೊದಲನೆಯದು 1967ರಲ್ಲಿ ಪ್ರಕಟವಾದ 'ದಿ ಸೀಜ್', ಎಂದರೆ ಮುತ್ತಿಗೆ. ಎರಡನೆಯದು 2001ರಲ್ಲಿ ಬಂದ 'ಎಕ್ಸಿಟಿಂಗ್ ನಿರ್ವಾಣ', ಎಂದರೆ ನಿರ್ವಾಣದಿಂದ ಹೊರಬರುವಿಕೆ. ಎರಡರ ಕರ್ತೃವೂ ಕ್ಲಾರಾ ಕ್ಲೇಬೋರ್ನ್ ಪಾರ್ಕ್. 1923ರಲ್ಲಿ ಜನಿಸಿ 2010ರಲ್ಲಿ ನಿಧನರಾದ ಈಕೆ ಇಂಗ್ಲಿಷ್ ಸಾಹಿತ್ಯದ ಅಧ್ಯಾಪಕಿ. ಪತಿ ಡೇವಿಡ್ ಪಾರ್ಕ್ ಅವರು ಮ್ಯಾಸಚೂಸೆಟ್ಸ್ ರಾಜ್ಯದ ವಿಲಿಯಮ್ಸ್ ಕಾಲೇಜಿನಲ್ಲಿ ಭೌತವಿಜ್ಞಾನದ ಪ್ರಾಧ್ಯಾಪಕರಾಗಿದ್ದರು. ಇವರ ನಾಲ್ಕನೆಯ ಮಗು ಜೆಸ್ಸಿ 1958ರಲ್ಲಿ ಹುಟ್ಟಿದಳು. ಮೊದಲ ಗ್ರಂಥದಲ್ಲಿ ಅವಳಿಗೆ 'ಎಲ್ಲಿ' ಎಂಬ ಮರೆಹೆಸರನ್ನು ಇಡಲಾಗಿದೆ.

ಜೆಸ್ಸಿಗೆ ಇದ್ದದ್ದು ಆಟಿಸಂ. ನಮ್ಮ ಪತ್ರಿಕೆಗಳು ಇದನ್ನು 'ಸ್ವಲೀನತೆ' ಎಂದು ಕರೆಯುತ್ತವೆ. ಮಾತು, ಒಡನಾಟ, ಇಂದ್ರಿಯಗಳ ಗ್ರಹಣಶಕ್ತಿ ಇವುಗಳಲ್ಲಿ ಎಳವೆಯಿಂದಲೇ ತೋರುವ ಭಿನ್ನತೆಯಿದು. ಕೆಲವರಿಗೆ ಮಾತೇ ಬಾರದಿರಬಹುದು. ಕೆಲವರು ಉನ್ನತ ವ್ಯಾಸಂಗವನ್ನೂ ಮಾಡಬಹುದು. ನಮಗೆ ಲೆಕ್ಕಕ್ಕೇ ಬಾರದ ಸದ್ದು ಅವರಿಗೆ ಅಸಹನೀಯವಾಗಬಹುದು. ದಿನಚರಿಯ ಅಲ್ಪ ವ್ಯತ್ಯಾಸವೂ ಮಹಾಸಂಕಟವಾಗಬಹುದು.

ಗ್ರಂಥಗಳ ಸಾರ

ಅಂಬೆಗಾಲಿಡುವ ಮಗುವೊಂದು ನೆಲದ ಮೇಲಿನ ಒಂದು ಚುಕ್ಕೆಯ ಸುತ್ತ ಸುತ್ತುತ್ತಲೇ ಇರುವ ದೃಶ್ಯದಿಂದ ಮೊದಲ ಗ್ರಂಥ ಆರಂಭವಾಗುತ್ತದೆ. ಆ ಮಗು ತಲೆಯೆತ್ತಿ ನೋಡುವುದಿಲ್ಲ, ಯಾರನ್ನೂ ಕರೆಯುವುದಿಲ್ಲ. ಅದು ಸಂತೋಷವಾಗಿಯೇ ಇದೆ. ಆದರೆ ಆ ಸಂತೋಷದಲ್ಲಿ ಬೇರೊಬ್ಬರಿಗೆ ಪಾಲಿಲ್ಲ. ಹೆತ್ತವಳು ಮುಂದೆ ನಿಂತರೂ ಗೋಡೆಯನ್ನು ನೋಡುವಂತೆ ನೋಡುತ್ತದೆ. ಇಂತಹ ಮಗುವಿನ ಬಳಿ ತಾಯಿ ಹೇಗೆ ತಲುಪಿದಳು ಎಂಬ ಎಂಟು ವರ್ಷಗಳ ವೃತ್ತಾಂತವೇ 'ಮುತ್ತಿಗೆ'.

ಈ ವೃತ್ತಾಂತದಲ್ಲಿ ಪವಾಡಗಳಿಲ್ಲ. ನಲ್ಲಿ ತಿರುಗಿಸುವಂತಹ ಸಣ್ಣ ಕೆಲಸವನ್ನು ಕಲಿಸಬೇಕಾದರೆ ಮಗುವಿನ ಕೈಯ ಮೇಲೆ ತನ್ನ ಕೈಯನ್ನಿಟ್ಟು, ದಿನದಿಂದ ದಿನಕ್ಕೆ ತನ್ನ ಒತ್ತಡವನ್ನು ಕಡಿಮೆ ಮಾಡುತ್ತ, ಕಡೆಗೆ ಮಗುವಿನ ಕೈ ತಾನಾಗಿಯೇ ಆ ಕೆಲಸವನ್ನು ಮಾಡುವಂತೆ ಮಾಡುವುದು. ಈ ಬಗೆಯ ಕ್ರಮವೇ ಪುಟಗಟ್ಟಲೆ ನಿರೂಪಿತವಾಗಿದೆ. ತಾಯಿ ಎಲ್ಲವನ್ನೂ ಬರೆದಿಟ್ಟುಕೊಳ್ಳುತ್ತಾಳೆ: ಬಂದ ಶಬ್ದ, ಬಂದು ಮರೆಯಾದ ಶಬ್ದ, ಆಡಿದ ಆಟ, ಮಾಡಿದ ಹಟ. ಅಂಗಡಿಯ ಕಿರ್ದಿಪುಸ್ತಕವನ್ನು ನಲವತ್ತು ವರ್ಷ ಬರೆದ ನನಗೆ ಈ ಭಾಗ ಬಹುವಾಗಿ ಹಿಡಿಸಿತು. ಲಾಭವಿಲ್ಲದ ದಿನವನ್ನೂ ಆಕೆ ಲಾಭವೆಂದು ಬರೆಯುವುದಿಲ್ಲ; ನಷ್ಟದ ದಿನ ಪುಸ್ತಕವನ್ನು ಮುಚ್ಚಿಡುವುದೂ ಇಲ್ಲ.

ಎರಡನೆಯ ಗ್ರಂಥದಲ್ಲಿ ಜೆಸ್ಸಿಗೆ ನಲವತ್ತು ದಾಟಿದೆ. ಅವಳು ಕಾಲೇಜಿನ ಅಂಚೆ ವಿಂಗಡಣೆಯ ಕೋಣೆಯಲ್ಲಿ ಉದ್ಯೋಗದಲ್ಲಿದ್ದಾಳೆ. ಮನೆ, ಸೇತುವೆ, ವಿದ್ಯುತ್ ಒಲೆಗಳನ್ನು ಉಜ್ಜ್ವಲ ವರ್ಣಗಳಲ್ಲಿ, ಒಂದು ಗೆರೆಯೂ ತಪ್ಪದಂತೆ ಚಿತ್ರಿಸುತ್ತಾಳೆ. ಸಂಖ್ಯೆಗಳಲ್ಲಿಯೂ ಮೋಡಗಳಲ್ಲಿಯೂ ಅವಳು ಕಂಡುಕೊಂಡ ವಿಚಿತ್ರ ವ್ಯವಸ್ಥೆಗಳ ವರ್ಣನೆ ಈ ಗ್ರಂಥದ ರಸವತ್ತಾದ ಭಾಗ. ಒಳ್ಳೆಯ ನಡತೆಗೆ ಅಂಕ ಕೂಡಿಸಿ ತಪ್ಪಿಗೆ ಕಳೆಯುವ ಏರ್ಪಾಡನ್ನು ಅವಳೇ ಉತ್ಸಾಹದಿಂದ ನಿರ್ವಹಿಸಿದ ಪ್ರಸಂಗವೂ ಇದೆ. ಆದರೆ 'ಗುಣವಾಯಿತು' ಎಂಬ ಮಾತು ಎಲ್ಲಿಯೂ ಇಲ್ಲ. ಜೆಸ್ಸಿ ಬೆಳೆದಳು, ಕಲಿತಳು, ದುಡಿದಳು. ಆಟಿಸಂ ಉಳಿದೇ ಇತ್ತು. ಈ ಸತ್ಯನಿಷ್ಠೆಯೇ ಈ ಗ್ರಂಥಗಳ ಪ್ರಥಮ ಗುಣ.

ಶೀರ್ಷಿಕೆಯಲ್ಲಿನ ದೋಷ

ಎಲ್ಲರಿಂದಲೂ ದೂರವಾಗಿ, ಏನನ್ನೂ ಬಯಸದೆ, ತನ್ನಷ್ಟಕ್ಕೆ ತಾನು ತೃಪ್ತವಾಗಿದ್ದ ಶೈಶವಸ್ಥಿತಿಯನ್ನು ಲೇಖಕಿ 'ನಿರ್ವಾಣ'ವೆಂದು ಕರೆದಿದ್ದಾಳೆ. ಆ ಸ್ಥಿತಿಯಿಂದ ಮಗಳನ್ನು ನಮ್ಮ ಲೋಕದ ಗೊಂದಲಕ್ಕೆ ಎಳೆದು ತಂದೆವಲ್ಲ ಎಂಬ ಮೃದುವಾದ ವ್ಯಂಗ್ಯವೂ ಅದರಲ್ಲಿದೆ. ಆದರೆ ಪಾವಾಪುರಿಯಲ್ಲಿ ವರ್ಧಮಾನ ಸ್ವಾಮಿಯು ಪಡೆದ ನಿರ್ವಾಣವನ್ನು ದೀಪ ಹಚ್ಚಿ ಆಚರಿಸುವ ನಾವು ಈ ಪ್ರಯೋಗವನ್ನು ಒಪ್ಪಲಾಗದು. ಸಿದ್ಧಪದವು ಬಯಕೆಯಿಲ್ಲದ ಶೂನ್ಯವಲ್ಲ. ಅದು ಅನಂತಜ್ಞಾನ, ಅನಂತದರ್ಶನ, ಅನಂತಸುಖ, ಅನಂತವೀರ್ಯಗಳ ಪೂರ್ಣಾವಸ್ಥೆ. ಅದರಿಂದ ಮರಳಿ ಬರುವುದೂ ಇಲ್ಲ. ಕಾಣಲು, ಕೇಳಲು, ಹೇಳಲು ಕಷ್ಟಪಡುತ್ತಿರುವ ಜೀವದ ಸ್ಥಿತಿಯನ್ನು ನಿರ್ವಾಣವೆನ್ನುವುದು ಶಬ್ದಕ್ಕೂ ಅನ್ಯಾಯ, ಮಗುವಿಗೂ ಅನ್ಯಾಯ.

ಇದನ್ನು ಪಾಶ್ಚಾತ್ಯರ ಅಜ್ಞಾನವೆಂದು ಹೇಳಿ ಕೈತೊಳೆದುಕೊಳ್ಳುವಂತಿಲ್ಲ. 'ಸ್ವಲೀನತೆ' ಎಂಬ ನಮ್ಮ ಶಬ್ದವೂ ಇದೇ ಜಾಡಿನದು. ಸ್ವ-ರೂಪದಲ್ಲಿ ಲೀನನಾಗುವುದು ಮುನಿಗಳ ಸಾಧನೆಯ ಫಲ. ನಮ್ಮ ಕಿವಿಗೆ ಅದು ಸ್ತುತಿಯ ಮಾತು. ಅದನ್ನು ಕೇಳಿ ಹಿರಿಯರೊಬ್ಬರು ಇಂತಹ ಹುಡುಗನೊಬ್ಬನನ್ನು ಹಿಂದಿನ ಜನ್ಮದ ಯೋಗಿಯೆಂದು ಹೊಗಳಿದ್ದನ್ನು ನಾನು ಕೇಳಿದ್ದೇನೆ. ಹೊಗಳಿಕೆ ಮುಗಿದ ಮೇಲೆ ಆ ಹುಡುಗನಿಗೆ ಶಾಲೆ ಹುಡುಕುವ ಕೆಲಸ ಮಾತ್ರ ತಂದೆಯ ಪಾಲಿಗೇ ಉಳಿಯಿತು.

ಒಂದೇ ಕೋಟೆ, ಎರಡು ದೃಷ್ಟಿ

'ಮುತ್ತಿಗೆ' ಎಂಬ ಶೀರ್ಷಿಕೆಯ ಮಹತ್ತ್ವವನ್ನು ತಿಳಿಯಬೇಕಾದರೆ ಆ ಕಾಲದ ಸನ್ನಿವೇಶವನ್ನು ತಿಳಿಯಬೇಕು. ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಸಂಸ್ಥೆಯ ವೈದ್ಯ ಲಿಯೋ ಕ್ಯಾನರ್ ಅವರು 1943ರಲ್ಲಿ 11 ಮಕ್ಕಳನ್ನು ಕುರಿತು ಬರೆದ ಲೇಖನದಿಂದ ಈ ಸ್ಥಿತಿಗೆ ವೈದ್ಯಲೋಕದಲ್ಲಿ ಪ್ರತ್ಯೇಕ ಹೆಸರು ಬಂದಿತು. ಆ ಮಕ್ಕಳ ತಂದೆತಾಯಿಗಳಲ್ಲಿ ಆತ್ಮೀಯತೆ ಕಡಿಮೆಯೆಂದು ಕ್ಯಾನರ್ ಬರೆದರು. 1949ರಲ್ಲಿ ಇಂತಹ ಮನೆಯ ವಾತಾವರಣವನ್ನು ತಂಗಳುಪೆಟ್ಟಿಗೆಗೆ ಹೋಲಿಸಿದರು. ಆ ಒಂದು ಉಪಮೆ ಲಕ್ಷಾಂತರ ತಾಯಂದಿರ ತಲೆಯ ಮೇಲೆ ಕಲ್ಲಾಗಿ ಕುಳಿತಿತು.

ಚಿಕಾಗೋದಲ್ಲಿ ಮಕ್ಕಳ ವಸತಿಶಾಲೆಯನ್ನು ನಡೆಸುತ್ತಿದ್ದ ಬ್ರೂನೋ ಬೆಟೆಲ್‌ಹೈಮ್ ಅವರು 1967ರಲ್ಲಿ 'ದಿ ಎಂಪ್ಟಿ ಫೋರ್ಟ್ರೆಸ್', ಎಂದರೆ ಬರಿದಾದ ಕೋಟೆ, ಎಂಬ ಗ್ರಂಥವನ್ನು ಪ್ರಕಟಿಸಿದರು. ಸ್ವತಃ ನಾತ್ಸಿಗಳ ಬಂಧನ ಶಿಬಿರಗಳಲ್ಲಿ ನರಳಿ ಬಂದಿದ್ದ ಅವರು, ಅಲ್ಲಿನ ಕೈದಿಗಳಂತೆ ಈ ಮಕ್ಕಳೂ ತಮ್ಮ ಇರವನ್ನೇ ಬಯಸದ ಪೋಷಕರಿಂದ ತಪ್ಪಿಸಿಕೊಳ್ಳಲು ಒಳಗೆ ಸೇರಿಕೊಂಡಿದ್ದಾರೆಂದು ವಾದಿಸಿದರು. ಮಗುವನ್ನು ತಾಯಿಯಿಂದ ಬೇರ್ಪಡಿಸುವುದೇ ಅದಕ್ಕೆ ಅವರು ಸೂಚಿಸಿದ ಪರಿಹಾರ.

ಅದೇ 1967ರಲ್ಲಿ ಪಾರ್ಕ್ ಅವರ ಗ್ರಂಥವೂ ಬಂದಿತು. ಎರಡರಲ್ಲಿಯೂ ಕೋಟೆಯ ರೂಪಕವೇ ಇದೆ. ಬೆಟೆಲ್‌ಹೈಮರ ಕೋಟೆ ಬರಿದು. ಅದನ್ನು ಕಟ್ಟಿಸಿದವಳು ತಾಯಿ. ಪಾರ್ಕರ ಕೋಟೆಯೊಳಗೆ ಮಗುವಿದೆ. ತಾಯಿ ಹೊರಗೆ ಹಸಿವು ನಿದ್ರೆಗಳನ್ನು ಬಿಟ್ಟು ಬಾಗಿಲು ಕಾಯುತ್ತಿದ್ದಾಳೆ. ಲೇಖಕಿ ಎಲ್ಲಿಯೂ ಜಗಳವಾಡುವುದಿಲ್ಲ. ತಾನು ಕಂಡದ್ದನ್ನು ಕಂಡಂತೆ ಬರೆಯುತ್ತಾಳೆ, ಅಷ್ಟೆ. ತಮ್ಮ ದೇಶದ ಒಂದು ಸಂಸ್ಥೆಯಲ್ಲಿ ತಮ್ಮನ್ನೇ ರೋಗಕಾರಣರಂತೆ ದೂರವಿಟ್ಟು ಪರೀಕ್ಷಿಸಿದ ಬಗೆಯನ್ನೂ, ಮುಂದೆ ಲಂಡನ್ನಿನ ಹ್ಯಾಂಪ್‌ಸ್ಟೆಡ್ ಚಿಕಿತ್ಸಾಲಯದಲ್ಲಿ ದೊರೆತ ಆದರವನ್ನೂ ಆಕೆ ಅಕ್ಕಪಕ್ಕ ಇಟ್ಟಿರುವ ಭಾಗ ಯಾವ ಖಂಡನಗ್ರಂಥಕ್ಕಿಂತಲೂ ಪ್ರಬಲವಾಗಿದೆ.

ತಂದೆತಾಯಿಗಳ ಈ ಪ್ರಯತ್ನ ಒಂಟಿಯಾಗಿರಲಿಲ್ಲ. ಮನೋವಿಜ್ಞಾನಿಯೂ ಇಂತಹ ಮಗುವಿನ ತಂದೆಯೂ ಆದ ಬರ್ನಾರ್ಡ್ ರಿಮ್ಲ್ಯಾಂಡ್ ಅವರು 1964ರಲ್ಲಿಯೇ ಪೋಷಕರ ಮೇಲಣ ಆರೋಪಕ್ಕೆ ಆಧಾರವಿಲ್ಲವೆಂದು ಒಂದು ಗ್ರಂಥದಲ್ಲಿ ತೋರಿಸಿದ್ದರು. ಮರುವರ್ಷ ಪೋಷಕರ ರಾಷ್ಟ್ರೀಯ ಸಂಘ ಹುಟ್ಟಿತು. 1969ರಲ್ಲಿ ಅದೇ ಸಂಘದ ಸಭೆಯಲ್ಲಿ ವೃದ್ಧ ಕ್ಯಾನರ್ ಅವರು ತಂದೆತಾಯಿಗಳನ್ನು ದೋಷಮುಕ್ತರೆಂದು ಬಹಿರಂಗವಾಗಿ ಸಾರಿದರು. 1977ರಲ್ಲಿ ಫೋಲ್‌ಸ್ಟೀನ್ ಮತ್ತು ರಟ್ಟರ್ ಅವರು 21 ಅವಳಿ ಜೋಡಿಗಳನ್ನು ಪರೀಕ್ಷಿಸಿ, ಇದರಲ್ಲಿ ವಂಶವಾಹಿಗಳ ಪಾತ್ರ ದೊಡ್ಡದೆಂದು ತೋರಿಸಿದರು. ತಾಯಿಯ ಪ್ರೀತಿಯ ಕೊರತೆಯಿಂದ ಆಟಿಸಂ ಬರುವುದಿಲ್ಲ ಎಂಬುದು ಇಂದು ವಿಜ್ಞಾನದಲ್ಲಿ ವಿವಾದಾತೀತ.

ಯಾರ ಕರ್ಮ?

ಇಷ್ಟನ್ನು ಓದಿ ಆ ವೈದ್ಯರನ್ನು ಖಂಡಿಸುವುದು ಸುಲಭ. ನನಗೆ ಸುಲಭವಾಗಲಿಲ್ಲ, ಅದರ ಕಾರಣವನ್ನು ಹೇಳಬೇಕು.

ಹತ್ತು ಹನ್ನೆರಡು ವರ್ಷಗಳ ಹಿಂದೆ ದಶಲಕ್ಷಣ ಪರ್ವದ ಒಂದು ಸಂಜೆ, ನಮ್ಮ ದಾಯಾದಿಗಳ ಮನೆಯ ಸೊಸೆ ತನ್ನ ಆರು ವರ್ಷದ ಮಗನನ್ನು ಬಸದಿಗೆ ಕರೆತಂದಿದ್ದಳು. ಹುಡುಗ ಮಾನಸ್ತಂಭದ ಸುತ್ತ ಸುತ್ತುತ್ತಲೇ ಇದ್ದನು. ಆರತಿಗೆ ಜಗಟೆ ಬಾರಿಸಿದೊಡನೆ ಕಿವಿಗಳನ್ನು ಮುಚ್ಚಿಕೊಂಡು ನೆಲಕ್ಕೆ ಬಿದ್ದು ಚೀರತೊಡಗಿದನು. ಜನ ತಿರುಗಿ ನೋಡಿದರು. ಆಕೆ ಮಗನನ್ನು ಎತ್ತಿಕೊಂಡು ಹೊರಗೆ ಬಂದಾಗ, ಸಮಾಧಾನ ಹೇಳುವೆನೆಂಬ ಭಾವದಿಂದ ನಾನು, "ಪೂರ್ವಾರ್ಜಿತ ಕರ್ಮ ಕಣಮ್ಮಾ, ಅನುಭವಿಸಿಯೇ ತೀರಬೇಕು" ಎಂದೆನು.

ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಯಾರದು ಮಾವ? ಅವನದೋ, ನನ್ನದೋ?" ಎಂದು ಕೇಳಿದಳು.

ಗೊಮ್ಮಟಸಾರದ ಕರ್ಮಕಾಂಡವನ್ನು ಎರಡು ಸಲ ಓದಿದ್ದೇನೆಂದು ಹೆಮ್ಮೆಪಡುತ್ತಿದ್ದ ನನ್ನ ಬಾಯಿಂದ ಉತ್ತರ ಹೊರಡಲಿಲ್ಲ. ಮರುವರ್ಷ ಆಕೆ ಪರ್ವಕ್ಕೆ ಬರಲಿಲ್ಲ, ಅನಂತರವೂ ಬರಲಿಲ್ಲ. ಬೆಟೆಲ್‌ಹೈಮರು ದೊಡ್ಡ ಗ್ರಂಥ ಬರೆದು ಮಾಡಿದ್ದನ್ನು ನಾನು ಒಂದೇ ವಾಕ್ಯದಲ್ಲಿ ಮಾಡಿದ್ದೆನು.

ಅಂದು ಕೊಡದ ಉತ್ತರವನ್ನು ಇಂದು ಶಾಸ್ತ್ರಾಧಾರದಿಂದಲೇ ಕೊಡಲು ಯತ್ನಿಸುತ್ತೇನೆ. ಮೊದಲನೆಯದಾಗಿ, ಕರ್ಮಬಂಧವು ಆಯಾ ಜೀವದ್ದು. ಒಬ್ಬರ ಕರ್ಮದ ಫಲವನ್ನು ಮತ್ತೊಬ್ಬರು ಉಣ್ಣುವುದು ನಮ್ಮ ಸಿದ್ಧಾಂತದಲ್ಲಿ ಇಲ್ಲ. ಆದುದರಿಂದ ತಾಯಿಯ ಪಾಪವು ಮಗುವಿನ ಮೇಲೆ ಬಂತೆಂಬ ಮಾತು ಜೈನಮತವೇ ಅಲ್ಲ. ಎರಡನೆಯದಾಗಿ, ಯಾವ ಜೀವದ ಯಾವ ಕರ್ಮ ಯಾವಾಗ ಉದಯಕ್ಕೆ ಬಂದಿತೆಂಬುದು ಕೇವಲಜ್ಞಾನಗಮ್ಯ. ಛದ್ಮಸ್ಥರಾದ ನಾವು ಅದನ್ನು ಹೇಳಹೊರಡುವುದು, ಪರರ ಖಾತೆಯ ಪುಸ್ತಕವನ್ನು ಕಣ್ಣಿಂದಲೂ ಕಾಣದೆ ಬಾಕಿಯ ಮೊತ್ತವನ್ನು ಸಾರುವ ಗುಮಾಸ್ತನ ಕೆಲಸ. ಮೂರನೆಯದಾಗಿ, ನಮಗೆ ತಿಳಿಯಬಲ್ಲ ಖಾತೆ ಒಂದೇ, ಅದು ನಮ್ಮದು. ತನಗಾಗಲಿ ಪರರಿಗಾಗಲಿ ದುಃಖ, ಶೋಕ, ಸಂತಾಪಗಳನ್ನು ಉಂಟುಮಾಡುವುದು ಅಸಾತಾವೇದನೀಯದ ಆಸ್ರವಕ್ಕೆ ಕಾರಣವೆಂದೂ, ಇನ್ನೊಬ್ಬರ ಜ್ಞಾನಕ್ಕೆ ಅಡ್ಡಿಮಾಡುವುದು ಜ್ಞಾನಾವರಣೀಯಕ್ಕೆ ಕಾರಣವೆಂದೂ ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯ ತಿಳಿಸುತ್ತದೆ. ಹಾಗಾದರೆ ಆ ಸಂಜೆ ಬಸದಿಯ ಅಂಗಳದಲ್ಲಿ ಕರ್ಮ ಕಟ್ಟಿಕೊಂಡವರು ಯಾರು? ಆ ಮಗುವಲ್ಲ, ಆ ತಾಯಿಯಲ್ಲ.

ಸಮ್ಯಗ್ದರ್ಶನದ ಎಂಟು ಅಂಗಗಳಿಗೂ ಒಂದೊಂದು ಕಥೆಯನ್ನು ನಯಸೇನನು 1112ರಲ್ಲಿ ರಚಿಸಿದ ಧರ್ಮಾಮೃತದಲ್ಲಿ ನಮ್ಮವರು ಓದುತ್ತ ಬಂದಿದ್ದಾರೆ. ದೇಹದ ವಿಕಾರವನ್ನು ಕಂಡು ಹೇಸದಿರುವುದು ನಿರ್ವಿಚಿಕಿತ್ಸೆ. ಜಾರುತ್ತಿರುವವರನ್ನು ಹಿಡಿದು ನಿಲ್ಲಿಸುವುದು ಸ್ಥಿತಿಕರಣ. ಸಹಧರ್ಮಿಗಳಲ್ಲಿ ಹಸುವಿಗೆ ಕರುವಿನ ಮೇಲಿರುವಂತಹ ಪ್ರೀತಿ ವಾತ್ಸಲ್ಯ. ಕಥೆಗಳು ನಮಗೆ ಬಾಯಿಪಾಠ. ಬಸದಿಯ ಅಂಗಳದಲ್ಲಿ ಪರೀಕ್ಷೆ ಬಂದಾಗ ನಾವು ಅನುತ್ತೀರ್ಣರು.

ಗ್ರಂಥಗಳ ಕೊರತೆಗಳು

ವಿಮರ್ಶಕನ ಕರ್ತವ್ಯವಾಗಿ ಕೆಲವು ಆಕ್ಷೇಪಗಳನ್ನೂ ಹೇಳಬೇಕು. 'ಮುತ್ತಿಗೆ'ಯ ಕೆಲವು ಅಧ್ಯಾಯಗಳಿಗೆ ಇಚ್ಛಾಪೂರ್ವಕ ಕುರುಡು, ಇಚ್ಛಾಪೂರ್ವಕ ಕಿವುಡು ಎಂಬರ್ಥದ ಹೆಸರುಗಳಿವೆ. ಮಗು ಬೇಕೆಂದೇ ಕಾಣದಂತೆ, ಕೇಳದಂತೆ ಇದೆಯೆಂಬ ಊಹೆ ಇದರಲ್ಲಿದೆ. ತಾಯಿಯ ಮೇಲಿನ ಆರೋಪವನ್ನು ಅಳಿಸುವಾಗ ಅದರ ಒಂದು ಅಂಶ ಮಗುವಿನ ಮೇಲೆ ಬಿದ್ದಂತಾಯಿತು. ಆವರಣವಿರುವೆಡೆ ಇಚ್ಛೆಯನ್ನು ಆರೋಪಿಸಬಾರದು.

ಎರಡನೆಯದಾಗಿ, ಇಬ್ಬರು ವಿದ್ಯಾವಂತರು, ನೆರವಾಗುವ ಅಕ್ಕ ಅಣ್ಣಂದಿರು, ಕಾಲೇಜಿನ ನೆರೆಹೊರೆ, ವಿದೇಶಯಾತ್ರೆಯ ಅನುಕೂಲ ಇವೆಲ್ಲ ಇದ್ದ ಮನೆಯ ಕಥೆಯಿದು. ಬಾಡಿಗೆಯ ಎರಡು ಕೋಣೆಗಳಲ್ಲಿ, ಅತ್ತೆಯ ಗೊಣಗಾಟದ ನಡುವೆ, ದಿನಗೂಲಿಯ ಗಂಡನೊಡನೆ ಇದೇ ಮುತ್ತಿಗೆಯನ್ನು ಹಾಕುವ ತಾಯಿಗೆ ಈ ಗ್ರಂಥ ಧೈರ್ಯವನ್ನು ಕೊಡಬಲ್ಲದು, ದಾರಿಯನ್ನು ಪೂರ್ತಿಯಾಗಿ ಕೊಡಲಾರದು. ಅಲ್ಲಿ ಸಮಾಜ ಕೈಹಿಡಿಯಬೇಕು.

ಮೂರನೆಯದಾಗಿ, ಇಲ್ಲಿ ಮಾತನಾಡುವವಳು ತಾಯಿ. ಆಟಿಸಂ ಉಳ್ಳ ಜಿಮ್ ಸಿಂಕ್ಲೇರ್ ಅವರು 1993ರಲ್ಲಿ ಪೋಷಕರ ಸಮ್ಮೇಳನವೊಂದರಲ್ಲಿ, ತಮ್ಮಂಥವರಿಗಾಗಿ ಶೋಕಿಸಬಾರದೆಂದೂ, ಶೋಕವು ಪೋಷಕರು ಕನಸು ಕಂಡಿದ್ದ ಬೇರೊಂದು ಮಗುವಿನ ಕುರಿತದ್ದೇ ಹೊರತು ಎದುರಿಗಿರುವ ಮಗುವಿನದಲ್ಲವೆಂದೂ ವಾದಿಸಿದರು. ಮುತ್ತಿಗೆಯೆಂದರೆ ಒಳಗಿರುವವನಿಗೆ ಹೇಗೆ ಕಾಣುತ್ತದೆ ಎಂಬ ಪ್ರಶ್ನೆ ಇದರಿಂದ ಏಳುತ್ತದೆ. ಅನೇಕಾಂತವನ್ನು ನಂಬುವ ನಾವು ತಾಯಿಯ ನಯವನ್ನೇ ಪ್ರಮಾಣವೆಂದು ತಿಳಿಯಬಾರದು.

ಪೋಷಕರ ಹೋರಾಟವೆಂದ ಮಾತ್ರಕ್ಕೆ ಅದೆಲ್ಲವೂ ಸತ್ಯವಾಗುವುದಿಲ್ಲ ಎಂಬುದನ್ನೂ ನೆನೆಯಬೇಕು. ಲಸಿಕೆಗೂ ಆಟಿಸಂಗೂ ಸಂಬಂಧವಿರಬಹುದೆಂಬ ಶಂಕೆಯನ್ನು ಹಬ್ಬಿಸಿದ 1998ರ ಲೇಖನವನ್ನು ಅದನ್ನು ಪ್ರಕಟಿಸಿದ್ದ 'ಲ್ಯಾನ್ಸೆಟ್' ಪತ್ರಿಕೆ 2010ರಲ್ಲಿ ಹಿಂತೆಗೆದುಕೊಂಡಿತು. ಆ ಶಂಕೆಯ ಕಡೆಗೆ ಅನೇಕ ಪೋಷಕರೂ, ಸ್ವತಃ ರಿಮ್ಲ್ಯಾಂಡರೂ ವಾಲಿದ್ದರು. ಒಂದು ಮಿಥ್ಯಾರೋಪದಿಂದ ಪಾರಾದವರು ಮತ್ತೊಂದನ್ನು ಹಿಡಿದುಕೊಂಡರು. ಪಾರ್ಕರ ಗ್ರಂಥಗಳು ಈ ಅವಸರದಿಂದ ದೂರವಿರುವುದೇ ಅವುಗಳ ಬಾಳಿಕೆಗೆ ಕಾರಣ.

ಟ್ರಸ್ಟುಗಳ ಅವಗಾಹನೆಗೆ

ನಮ್ಮ ದೇಶದಲ್ಲಿಯೂ ಕಾನೂನುಗಳು ಬಂದದ್ದು ಬಹುಪಾಲು ತಂದೆತಾಯಿಗಳು ಬಾಗಿಲು ತಟ್ಟಿದ್ದರಿಂದ. ದೆಹಲಿಯಲ್ಲಿ 1991ರಲ್ಲಿ ಆರಂಭವಾದ 'ಆಕ್ಷನ್ ಫಾರ್ ಆಟಿಸಂ' ಸಂಸ್ಥೆಯನ್ನು ಕಟ್ಟಿದ ಮೇರಿ ಬರುವಾ ಅವರೂ ಇಂತಹ ಮಗನ ತಾಯಿ. 1995ರ ಅಂಗವಿಕಲರ ಕಾಯಿದೆಯ ಏಳು ವರ್ಗಗಳಲ್ಲಿ ಆಟಿಸಂನ ಹೆಸರೇ ಇರಲಿಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯಿದೆಯಲ್ಲಿ ಅದು ಸೇರಿತು. 2016ರ ಕಾಯಿದೆಯ 21 ವರ್ಗಗಳಲ್ಲಿಯೂ ಸೇರಿತು. ನಮ್ಮ ರಾಜ್ಯದಲ್ಲಿಯೇ ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗಳಲ್ಲಿ ಪರೀಕ್ಷೆಯೂ ಮಾರ್ಗದರ್ಶನವೂ ದೊರೆಯುತ್ತವೆ. ಆದರೆ ಕಾನೂನಿಗೂ ಆಸ್ಪತ್ರೆಗೂ ನಿಲುಕದ ಕೆಲವು ಕೆಲಸಗಳು ನಮ್ಮವು.

ಟ್ರಸ್ಟುಗಳು ನಡೆಸುವ ಶಾಲೆಗಳಲ್ಲಿ ಇಂತಹ ಮಕ್ಕಳಿಗೆ ಬಾಗಿಲು ಮುಚ್ಚಬಾರದು. ತರಬೇತಿ ಪಡೆದ ಒಬ್ಬ ಶಿಕ್ಷಕಿಯ ವೇತನ ಒಂದು ಪೂಜಾಮಹೋತ್ಸವದ ವಿದ್ಯುದ್ದೀಪಗಳ ಖರ್ಚಿಗಿಂತ ಹೆಚ್ಚೇನಲ್ಲ. ಇದು ಶಾಸ್ತ್ರದಾನ. ಪರ್ವದಿನಗಳಲ್ಲಿ ಜಗಟೆಯೂ ಧ್ವನಿವರ್ಧಕವೂ ಇಲ್ಲದ ಒಂದು ಗಂಟೆಯನ್ನು ಇಂತಹ ಕುಟುಂಬಗಳ ದರ್ಶನಕ್ಕೆ ಮೀಸಲಿಡಬಹುದು. ಇದು ಅಭಯದಾನ, ಇದಕ್ಕೆ ಕಾಸಿನ ಖರ್ಚೂ ಇಲ್ಲ.

ಎಲ್ಲಕ್ಕಿಂತ ದೊಡ್ಡದು, 'ನಮ್ಮ ಕಾಲಾನಂತರ ಯಾರು?' ಎಂಬ ತಂದೆತಾಯಿಗಳ ಪ್ರಶ್ನೆ. ಹದಿನೆಂಟು ತುಂಬಿದ ಮಗನಿಗೆ ರಕ್ಷಕರನ್ನು ನೇಮಿಸಲು 1999ರ ಕಾಯಿದೆಯಂತೆ ಜಿಲ್ಲಾಮಟ್ಟದಲ್ಲಿ ಸ್ಥಳೀಯ ಸಮಿತಿಯಿದೆ. ಆದರೆ ಸಮಿತಿ ಹೆಸರನ್ನು ಬರೆದುಕೊಟ್ಟೀತು. ಊಟ, ವಸತಿ, ಒಡನಾಟಗಳನ್ನು ಕೊಡಲಾರದು. ಅವುಗಳಿಗಾಗಿ ಶಾಶ್ವತ ನಿಧಿಯೊಂದನ್ನು ಇಡುವುದು ಟ್ರಸ್ಟುಗಳಿಗೆ ಅಸಾಧ್ಯವೇ? ನಮ್ಮ ದೇಶದ ನ್ಯಾಯಾಲಯಗಳು ದೇವಾಲಯದ ವಿಗ್ರಹವನ್ನು ಎಂದಿಗೂ ಪ್ರಾಪ್ತವಯಸ್ಸಿಗೆ ಬಾರದ ಬಾಲಕನಂತೆ ಪರಿಗಣಿಸಿ ಅದರ ಆಸ್ತಿಯನ್ನು ರಕ್ಷಿಸುತ್ತ ಬಂದಿವೆ. ಬಾಯಿಬಿಟ್ಟು ಕೇಳಲಾರದವರ ಸ್ವತ್ತನ್ನು ತಲೆಮಾರುಗಳವರೆಗೆ ಪ್ರಾಮಾಣಿಕವಾಗಿ ಕಾಯುವ ವಿದ್ಯೆ ಟ್ರಸ್ಟುಗಳಿಗೆ ಚೆನ್ನಾಗಿ ಗೊತ್ತು. ವೀತರಾಗನಾದ ಜಿನನಿಗೆ ಆ ಆಸ್ತಿಯ ಅಗತ್ಯವಿಲ್ಲ. ಈ ಮಕ್ಕಳಿಗೆ ಇದೆ.

ಕಡೆಯದಾಗಿ ಒಂದು ಮಾತು. ಪ್ರತಿವರ್ಷ ಕ್ಷಮಾವಾಣಿಯ ದಿನ ಎಲ್ಲರಲ್ಲಿಯೂ ಕ್ಷಮೆ ಬೇಡುವಾಗ ಆ ಮನೆಯವರಲ್ಲಿಯೂ ಬೇಡಿದ್ದೆನು, ವಾಡಿಕೆಯಂತೆ, ಅಪರಾಧವನ್ನು ಹೇಳದೆ. ಈ ಗ್ರಂಥಗಳನ್ನು ಓದಿದ ಮೇಲೆ ಕಳೆದ ಕ್ಷಮಾವಾಣಿಯಂದು ಅವರ ಮನೆಗೇ ಹೋಗಿ, ಆ ಸಂಜೆ ನಾನಾಡಿದ ಮಾತನ್ನು ನೆನಪಿಸಿ, ಅದು ಧರ್ಮಕ್ಕೂ ವಿರುದ್ಧವಾಗಿತ್ತೆಂದು ಒಪ್ಪಿಕೊಂಡು ಕ್ಷಮೆ ಕೇಳಿದೆನು. ಹುಡುಗ ಈಗ ನನಗಿಂತ ಎತ್ತರ. ಕಿಟಕಿಯ ಬಳಿ ಕುಳಿತು ಹಳೆಯ ಪಂಚಾಂಗಗಳನ್ನು ತಾರೀಖಿನ ಕ್ರಮದಲ್ಲಿ ಜೋಡಿಸುತ್ತಿದ್ದನು. ಆಕೆ ಕರ್ಮದ ಮಾತನ್ನೇ ಎತ್ತಲಿಲ್ಲ. "ಅವನಿಗೆ ಬಸದಿ ಇಷ್ಟ ಮಾವ; ಜಗಟೆಯೊಂದು ಆಗುವುದಿಲ್ಲ" ಎಂದಷ್ಟೇ ಹೇಳಿದಳು.

ಬರುವ ದಶಲಕ್ಷಣದೊಳಗೆ ನಮ್ಮ ಊರಿನ ಟ್ರಸ್ಟಿನ ಸಭೆಯ ಮುಂದೆ ಈ ಜಗಟೆಯ ವಿಷಯವನ್ನು ಇಡಲಿದ್ದೇನೆ. ಇತರ ಊರುಗಳ ಟ್ರಸ್ಟುಗಳೂ ತಮ್ಮ ಸಭೆಗಳಲ್ಲಿ ಇದನ್ನು ಪರಿಶೀಲಿಸಬೇಕೆಂದು ವಿನಂತಿಸುತ್ತೇನೆ.